ಕೆಂದಿಯ ಮೆಲುಕು

"ಏನೂ ಇಲ್ಲ ಅಂದ್ರಲ್ಲ ಡಾಕ್ಟ್ರು, ಮತ್ಯಾಕೆ ಏಳಂಗಿಲ್ಲ ನೀವು?" ಈಶ್ವರಮ್ಮ ರಿಪೋರ್ಟಿನ ಕವರನ್ನು ಗಂಡನ ಹಾಸಿಗೆಯ ಮೇಲೆ ಎಸೆದಳು. ಉಜ್ಜಪ್ಪ ಗೋಡೆಯ ಕಡೆ ಹೊರಳಿದ.

ರಕ್ತ ಸರಿ, ಬಿ.ಪಿ. ಸರಿ, ಎದೆಯ ಪಟವೂ ಸರಿ. ಮಂಗಳವಾರ ಮನಸ್ಸಿನ ಡಾಕ್ಟರು ಶಿಕಾರಿಪುರಕ್ಕೆ ಬರುತ್ತಾರೆ, ಒಮ್ಮೆ ತೋರಿಸಿ ಎಂದಿದ್ದರು. "ನಂಗೇನು ಹುಚ್ಚು ಹಿಡದೈತೇನು?" ಎಂದು ಅವನು ವಾಪಸು ಬರುವಾಗ ಉಡುತಡಿ ಬಸ್ಸಿಗೆಲ್ಲ ಕೇಳುವಂತೆ ಕೂಗಿದ್ದ. ಯುಗಾದಿ ಮುಗಿದ ಮೇಲೆ ಮಗ ಯತೀಶ ಬೀದರ್ ಡಿಪೊಗೆ ಕಂಡಕ್ಟರಾಗಿ ಹೋದ. ಮಗಳು ರೋಜಾ ಅದಕ್ಕೂ ಮೊದಲೇ ಗಂಡನ ಮನೆ ಸೇರಿದ್ದಳು. ಮನೆ ಬರಿದಾದಂದಿನಿಂದ ಉಜ್ಜಪ್ಪ ಹಾಸಿಗೆ ಹಿಡಿದಿದ್ದ. ಬೆಳೆದ ಮಕ್ಕಳು ಕಂಕುಳಲ್ಲೇ ಕೂರುತ್ತಾರೆಯೆ? ಹೆತ್ತವಳಿಗಿಲ್ಲದ ಸಂಕಟ ಈ ಗಂಡಸಿಗೇನು ಎಂದು ಈಶ್ವರಮ್ಮನಿಗೆ ಉರಿಯುತ್ತಿತ್ತು. ಸಂಕಟ ಅವಳಿಗೂ ಇತ್ತು. ಅವಳೂ ಮಲಗಿದರೆ ಕುರಿಗೆ ಸೊಪ್ಪು ಹಾಕುವವರು ಯಾರು?

ಹಟ್ಟಿಯಲ್ಲಿ ಕೆಂದ ಬಣ್ಣದ ಕುರಿ ಸೊಪ್ಪು ಮೂಸದೆ ನಿಂತಿತ್ತು.

"ನಿನ್ನೆಯಿಂದ ಕೆಂದಿ ಮೆಲುಕು ಹಾಕವಲ್ದು! ಸತ್ರೆ ಸಾಯ್ಲಿ, ನಂಗೇನು!" ಎಂದು ಅಲ್ಲಿಂದಲೇ ಕೂಗಿದಳು.

ಒಳಗೆ ಮಂಚ ಕಿರುಗುಟ್ಟಿತು. ಉಜ್ಜಪ್ಪ ಬಂದು, ಮೆಲುಕು ಹಾಕುತ್ತಿದ್ದ ಇನ್ನೊಂದು ಕುರಿಯ ದವಡೆ ಬಿಡಿಸಿ, ಬಾಯೊಳಗಿನ ಹಸಿರು ಉಂಡೆಯನ್ನು ತೆಗೆದು ಕೆಂದಿಯ ಬಾಯಿಗೆ ತುರುಕಿ ಮೂತಿ ಹಿಡಿದ. ಅವನ ಅಪ್ಪ ಮಾಡುತ್ತಿದ್ದ ಮದ್ದು ಅದು.

"ಒಂದರ ಮೆಲುಕು ಇನ್ನೊಂದಕ್ಕೆ ಕೊಟ್ರೆ ಹಸಿವು ತಿರುಗಿ ಬರತೈತಿ" ಎಂದ. ಬಸ್ಸಿಳಿದ ಮೇಲೆ ಅವನಾಡಿದ ಮೊದಲ ಮಾತು.

ಸದ್ಯ, ಎದ್ದನಲ್ಲ ಎಂದು ಈಶ್ವರಮ್ಮ ಹಿಗ್ಗಿದಳು. ಅವನು ಕೈ ತೊಳೆದು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ. ಮಧ್ಯಾಹ್ನದ ಹೊತ್ತಿಗೆ ಅವನ ತಟ್ಟೆಯ ರೊಟ್ಟಿ ಸೆಟೆದುಕೊಂಡಿತ್ತು.

"ಕುರಿ ಹಸಿವು ಗೊತ್ತಾಗತೈತಿ, ನಿಮ್ದು ಗೊತ್ತಾಗಲ್ವೇನ್ರಿ?"

"ಒಲ್ಲೆ ಅಂದೆನಲ್ಲ, ಬಿಡೇ."

ಅವಳಿಗೆ ತಡೆಯಲಾಗಲಿಲ್ಲ. ತಾನು ಉಣ್ಣುತ್ತಿದ್ದ ತಟ್ಟೆಯನ್ನೇ ತಂದು ಮಂಚದ ಮೇಲೆ ಕೂತಳು. ತನ್ನ ರೊಟ್ಟಿಯಿಂದ ಒಂದು ತುತ್ತು ಮುರಿದು, ಹುರುಳಿಕಾಳಿನ ಪಲ್ಯ ಹಚ್ಚಿ ಅವನ ಬಾಯಿಗೆ ತುರುಕಿ, ಉಗುಳದಂತೆ ಗದ್ದ ಹಿಡಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವನ ಮುಖವನ್ನು ಹೀಗೆ ಹಿಡಿದವಳಲ್ಲ. ಅವನ ಕಣ್ಣೀರು ಅವಳ ಬೆರಳಿಗಿಳಿಯಿತು.

"ಮಂಗಳವಾರ ಎಂಟೂವರೆ ಬಸ್ಸಿಗೆ ಹೋಗೋದು. ಹುಚ್ಚಾದ್ರೆ ಇಬ್ರಿಗೂ ಐತಿ" ಎಂದಳು.

ಬಹಳ ಹೊತ್ತಿನ ಮೇಲೆ ಅವಳ ಅಂಗೈಯೊಳಗೆ ಅವನ ದವಡೆ ಮೆಲ್ಲಗೆ ಅಲುಗಿತು.