ಎರಡು ಸಾವಿರದ ನಾನೂರು ಚೌಕದ ಅಕ್ಕ

ಟೈಲ್ಸ್ ಮೇಸ್ತ್ರಿಗೆ ಒಂದು ಹುಚ್ಚು ಹಿಡಿದರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾರ. ಅವನನ್ನು ಸಾಕಿ ಬೆಳೆಸಿದ ಅಕ್ಕ ತನ್ನ ಮಗಳ ಬಾಣಂತನಕ್ಕೆಂದು ಊರು ಬಿಟ್ಟಿದ್ದೇ ತಡ, ಅವಳ ಹೊಲಿಗೆ ಅಂಗಡಿಯ ಹೊರಗೋಡೆಯ ಮೇಲೆ ಅವಳದೇ ಮುಖ ಮೂಡಿಸಲು ಹೊರಟ. ಗೋಡೆ ಐದಡಿಗೆ ಐದಡಿ, ಟೈಲ್ಸು ಒಂದೊಂದಂಗುಲದ ಚೌಕ. ಫೋಟೋ ಅಕ್ಕನ ಹರೆಯದ್ದು, ಎರಡಂಗುಲ ಅಗಲ, ಮೂರಂಗುಲ ಎತ್ತರ.

ಶಾಲೆಯಲ್ಲಿ ಗಣಿತ ಕಲಿಸುವ ಮೇಸ್ತ್ರಿಯ ಮಗಳು ಅದನ್ನು ಕಂಪ್ಯೂಟರಿನಲ್ಲಿ ಗೋಡೆಯಳತೆಗೆ ಎಳೆದು ತೋರಿಸಿದಳು.

"ಅಯ್ಯಯ್ಯೋ, ಮುಖ ಅಡ್ಡಕ್ಕೆ ಊದಿ ಕುಂಬಳಕಾಯಿ ಆಗಿದೆ! ಅಕ್ಕ ನೋಡಿದ್ರೆ ನನ್ನ ಚರ್ಮ ಸುಲೀತಾಳೆ!"

"ಗೋಡೆ ತುಂಬ ಬೇಕು ಅಂದಿದ್ದು ನೀನೇ ತಾನೇ? ಮೂರಂಗುಲ ಅರವತ್ತಾಗೋಕೆ ಇಪ್ಪತ್ತು ಪಟ್ಟು. ಮುಖ ಊದಬಾರದು ಅಂದ್ರೆ ಅಗಲಾನೂ ಇಪ್ಪತ್ತೇ ಪಟ್ಟು. ನಲವತ್ತಂಗುಲ, ಅಷ್ಟೇ ಅಪ್ಪಾ."

ಎರಡೂ ಬದಿಗೆ ಹತ್ತತ್ತಂಗುಲ ಬಿಳಿ ಬಿಟ್ಟರು. ಅರವತ್ತು ಸಾಲು, ಸಾಲಿಗೆ ನಲವತ್ತು. ಕಣ್ಣು, ಮೂಗು, ನಗು ಎಲ್ಲವೂ ಎರಡು ಸಾವಿರದ ನಾನೂರು ಚೌಕದಲ್ಲೇ ಹಿಡಿಯಬೇಕು. ಬೇಕಾದ ಬಣ್ಣದ ಟೈಲ್ಸು ಹೊಂದಿಸಲು ಎರಡು ತಿಂಗಳು ಹಿಡಿಯಿತು. ಆಮೇಲೆ ಮೇಸ್ತ್ರಿ ಆರು ದಿನ ಬೆನ್ನು ಬಗ್ಗಿಸಿ ಅಂಟಿಸಿದ.

ಏಳನೆಯ ದಿನ ಹೆಂಡತಿ ಗೋಡೆಗೆ ಮೂಗು ತಾಗಿಸಿ ನೋಡಿದಳು. "ಇದೇನ್ರೀ, ಚೆಸ್ ಬೋರ್ಡಾ?"

"ಚೌಕ ದಪ್ಪ ಇದೆ ಅಮ್ಮಾ, ದೂರ ಹೋಗಿ ನೋಡು" ಅಂದಳು ಮಗಳು.

ಹೆಂಡತಿ ಹಿಂದೆ ಹಿಂದೆ ಸರಿದಳು. "ಮುಖ ಏನೋ ಕಾಣತ್ತೆ. ನಿಮ್ಮಕ್ಕಂದಾ ಇದು?"

ಮೇಸ್ತ್ರಿ ಉಳಿ, ಸುತ್ತಿಗೆ ಎತ್ತಿಕೊಂಡ. ಪಾಪ, ಅಕ್ಕನಿಗೇ ಗುರುತು ಸಿಗದಿದ್ದರೆ? ಕಿತ್ತು ಹಾಕೋಣವೆಂದರೆ ಹೊತ್ತಿಲ್ಲ, ಅಕ್ಕ ಬರಬೇಕಿದ್ದ ನಾಲ್ಕು ಗಂಟೆಯ ಬಸ್ಸು ಬಂದೇಬಿಟ್ಟಿತು.

ಅಕ್ಕ ರಸ್ತೆಯಾಚೆ ಇಳಿದಳು. ಗೋಡೆ ನೋಡಿದವಳೇ ಚೀಲ ಕೆಳಗೆ ಬಿಟ್ಟಳು.

"ಅಮ್ಮಾ!"

"ಅಕ್ಕಾ, ಅದು ನೀನು ಕಣೇ!" ಎಂದು ಮೇಸ್ತ್ರಿ ಈಚೆಯಿಂದ ಕೂಗಿದ.

"ಸುಮ್ನಿರೋ! ನಮ್ಮಮ್ಮನ ಮುಖ ನನಗೆ ಗೊತ್ತಿಲ್ವಾ?" ಅಕ್ಕ ನಗುತ್ತಲೇ ಅಳುತ್ತಿದ್ದಳು. "ಅವಳು ಹೋದಾಗ ನೀನು ಎಂಟು ತಿಂಗಳ ಕೂಸು. ಒಂದು ಫೋಟೋನೂ ಇಲ್ಲವಲ್ಲ ಅಂತ ಎಷ್ಟು ಕೊರಗಿದೀನಿ! ಹೀಗೇ ಇದ್ಲು ಕಣೋ, ಥೇಟ್ ಹೀಗೇ! ಹತ್ರ ನಿಂತು ಏನು ನೋಡ್ತೀಯಾ, ಬಾರೋ ಈ ಕಡೆ!"

ಮೇಸ್ತ್ರಿ ಎಡಬಲ ನೋಡದೆ ರಸ್ತೆ ದಾಟಿದ. ಅಕ್ಕನ ಪಕ್ಕ ನಿಂತು, ಐವತ್ತೆರಡನೆಯ ವಯಸ್ಸಿನಲ್ಲಿ, ಮೊದಲ ಸಲ ಅಮ್ಮನನ್ನು ನೋಡಿದ.