ಎಲ್ ಪಾಸೊ ದಾರಿಗೆ ಹೆಣೆದ ಜಡೆ

ಬುಧವಾರ ಸಂಜೆ ಊಟವಾದ ಮೇಲೆ ಅಪ್ಪ ಇಡೀ ಟೆಕ್ಸಸನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದ. ನಲವತ್ತು ವರ್ಷ ಲಾರಿಯಲ್ಲಿ ಅವನ ಜೊತೆ ಓಡಾಡಿದ ನಕಾಶೆ ಅದು. ಮಡಿಕೆ ಮಡಿಕೆಯಲ್ಲೂ ಹರಿದು, ಟೇಪಿನ ಮೇಲೆ ಟೇಪು ಕಂಡಿದೆ. ನಮ್ಮೂರು ಪೋರ್ಟ್ ನೆಚಸ್ ಉಪ್ಪಿನ ಡಬ್ಬಿಯ ಬುಡದಲ್ಲಿತ್ತು. ಎಲ್ ಪಾಸೊ ಜಾಗ ಸಾಲದೆ ಮೇಜಿನ ಆಚೆ ತುದಿಯಲ್ಲಿ ಜೋತುಬಿದ್ದಿತ್ತು.

“ಮೇಜೇ ಸಾಲ್ತಿಲ್ಲ ನೋಡು. ಇನ್ನು ನಿಮ್ಮಮ್ಮನ ಗಾಡಿ ಅಲ್ಲೀವರೆಗೂ ಹೋಗುತ್ತಾ?” ಎಂದು ಅಪ್ಪ ಮೊಮ್ಮಗಳನ್ನು ಕೇಳಿದ.

“ನನ್ ಗಾಡಿಗೇನಾಗಿದೆ?” ಎಂದೆ.

“ಏನೂ ಆಗಿಲ್ಲಮ್ಮ. ಎ.ಸಿ. ಇಲ್ಲ, ಹಾರ್ನ್ ಇಲ್ಲ. ಇದ್ದಿದ್ರೆ ತಾನೇ ಏನಾದ್ರೂ ಆಗೋಕೆ!”

ಕೋರಾ ಕಿಲಕಿಲ ನಕ್ಕಳು. ಹನ್ನೆರಡು ವರ್ಷದ ಹುಡುಗಿ, ಮೂರು ವಾರದಿಂದ ಈ ಪ್ರಯಾಣ ಬಿಟ್ಟು ಬೇರೆ ಮಾತಾಡಿರಲಿಲ್ಲ. ಅವಳ ಅಣ್ಣ ವೇಡ್ ಸೈನ್ಯಕ್ಕೆ ಸೇರಿ ಎಲ್ ಪಾಸೊದ ಶಿಬಿರದಲ್ಲಿದ್ದ. ಭಾನುವಾರ ಬೆಳಗ್ಗೆ ಅವನ ತುಕಡಿ ವಿಮಾನ ಹತ್ತಿ ಸಮುದ್ರದಾಚೆ ಹೋಗುವುದಿತ್ತು, ಒಂದು ವರ್ಷಕ್ಕೆ. ಶನಿವಾರ ಹನ್ನೊಂದರಿಂದ ಮೂರರವರೆಗೆ ಮನೆಯವರು ಬಂದು ನೋಡಬಹುದು. ನಾಲ್ಕು ಗಂಟೆಯ ಹೊತ್ತು. ಅದಕ್ಕಾಗಿ ನಾವು ಶುಕ್ರವಾರ ಬೆಳಗಿನ ಜಾವ ಹೊರಟು ಎರಡು ದಿನ ಹೆದ್ದಾರಿ ಸವೆಸಬೇಕು. ಅಪ್ಪನ ಕಣ್ಣಿಗೆ ಪೊರೆ ಬಂದು ಲೈಸೆನ್ಸ್ ಹೋಗಿ ಎರಡು ವರ್ಷ. ಗಾಡಿ ಓಡಿಸುವವಳು ನಾನೊಬ್ಬಳೇ.

ನಾನು ಹೋಗುವವಳಿರಲಿಲ್ಲ.

ಸೋಮವಾರವೇ ನಾನು ಮೇಸ್ತ್ರಿ ಡ್ವೇನ್‌ಗೆ ಹೂಂ ಅಂದುಬಿಟ್ಟಿದ್ದೆ. ವಸಂತ ಬಂತೆಂದರೆ ನಮ್ಮ ಕಡೆಯ ತೈಲ ರಿಫೈನರಿಗಳನ್ನು ಒಂದೊಂದಾಗಿ ರಿಪೇರಿಗೆ ನಿಲ್ಲಿಸುತ್ತಾರೆ. ಆಗ ನನ್ನಂಥವರಿಗೆ ಕರೆ ಬರುತ್ತದೆ. ನನ್ನ ಕೆಲಸ ಟ್ಯಾಂಕಿನ ಬಾಯಿ ಕಾಯುವುದು. ರಿಪೇರಿಗೆ ಒಳಗೆ ಇಳಿದವರ ಹೆಸರು ಬರೆದುಕೊಳ್ಳಬೇಕು, ಹೊರಗೆ ಬಂದವರ ಹೆಸರಿಗೆ ಗೀಟು ಹಾಕಬೇಕು. ಕೊನೆಯವನು ಹೊರಬರುವವರೆಗೆ, ಇಲ್ಲವೇ ನನ್ನ ಜಾಗಕ್ಕೆ ಇನ್ನೊಬ್ಬರು ಬಂದು ನಿಲ್ಲುವವರೆಗೆ, ನಾನು ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಎದ್ದಿಲ್ಲ. ಈ ಸಲದ ಕೆಲಸ ಶುಕ್ರವಾರ ಬೆಳಗ್ಗೆ ಆರಕ್ಕೆ ಶುರು. ಮೊದಲ ದಿನ ಬಾರದವರಿಗೆ ಗೇಟಿನೊಳಗೆ ಜಾಗವಿಲ್ಲ, ಬೇಡ ಎಂದವರಿಗೆ ಮುಂದಿನ ವಸಂತದಲ್ಲಿ ಕರೆಯೂ ಬರುವುದಿಲ್ಲ.

ಇದು ನಾನು ನನಗೆ ಹೇಳಿಕೊಂಡ ಕಾರಣ. ಸುಳ್ಳಲ್ಲ. ಆದರೆ ಇನ್ನೊಂದೂ ಇತ್ತು. ಟ್ಯಾಂಕಿನ ಬಾಯಿಯಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತು. ಮಗನನ್ನು ಕಳಿಸಿಕೊಡುವುದು ಹೇಗೆಂದು ಗೊತ್ತಿಲ್ಲ.

ಹೇಳಬೇಕಾದದ್ದನ್ನೂ ಜೋಡಿಸಿಟ್ಟಿದ್ದೆ. ಗುರುವಾರ ಸಂಜೆ ಫೋನು ಬಂದಂತೆ ಮಾಡಿ, ಹೊರಗೆ ಹೋಗಿ, ಮುಖ ಸಣ್ಣದು ಮಾಡಿಕೊಂಡು ಬಂದು, “ಈಗಷ್ಟೇ ಕರೆದ್ರು, ಏನ್ ಮಾಡ್ಲಿ?” ಅನ್ನುವುದು. ವೇಡ್‌ನ ತರಬೇತಿ ಮುಗಿದು ಕವಾಯತು ನಡೆದಾಗಲೂ ಹಾಗೇ ಅಂದಿದ್ದೆ. ಆಗ ಎಲ್ಲರೂ ನಂಬಿದ್ದರು. ಈ ಸಲವೂ ನಂಬುತ್ತಾರೆ ಅಂದುಕೊಂಡೆ.

“ಬರ್ಕೋ,” ಎಂದು ಅಪ್ಪ ಮೊಂಡು ಬೆರಳನ್ನು ನಕಾಶೆಯ ಮೇಲಿಟ್ಟ. “ನಾಲ್ಕಕ್ಕೆ ಮನೆ ಬಿಡೋದು. ಆರರೊಳಗೆ ಹ್ಯೂಸ್ಟನ್ ದಾಟ್ಬೇಕು. ಆರು ಹೊಡೀತೋ, ಗಾಡಿಗಳ ಸಾಲಲ್ಲಿ ಸಿಕ್ಕಿ ಅಲ್ಲೇ ನಿನ್ ಮದುವೆನೂ ಮಾಡ್ಕೊಂಡು ಬರೋಣ, ಅಷ್ಟು ಹೊತ್ತಿರುತ್ತೆ.”

ಕೋರಾ ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ನಿನಿಂದ ಬರೆದಳು. “ಆಮೇಲೆ?”

“ಸ್ಯಾನ್ ಆಂಟೋನಿಯೋ ಆದ್ಮೇಲೆ ಗುಡ್ಡ ಶುರು. ಮಬ್ಬುಗತ್ತಲಲ್ಲಿ ಜಿಂಕೆ ಅಡ್ಡ ಬರುತ್ತೆ. ಅದಕ್ಕೇ ಹೊತ್ತು ಮುಳುಗೋ ಮುಂಚೆ ಓಜೋನಾದಲ್ಲಿ ರೂಮು ಸೇರ್ಬೇಕು. ಜಿಂಕೆಗೆ ಹಾರ್ನೂ ಬೇಡ, ಬ್ರೇಕೂ ಬೇಡ, ಅದು ನಿನ್ನೇ ನೋಡ್ತಾ ನಿಂತಿರುತ್ತೆ. ನಿಮ್ಮಜ್ಜಿ ಮದುವೆಗೆ ಮುಂಚೆ ಹಾಗೇ ನಿಂತಿದ್ಳು.”

“ತಾತಾ! ಬರ್ಕೊಳ್ಳೋದು ಮಾತ್ರ ಹೇಳು.”

“ಇದೂ ಬರ್ಕೋ. ಓಜೋನಾ ಆಚೆ ಅರ್ಧ ಟ್ಯಾಂಕು ಅಂದ್ರೆ ಖಾಲಿ ಟ್ಯಾಂಕು. ಬಂಕ್ ಕಂಡಲ್ಲೆಲ್ಲ ತುಂಬಿಸ್ಕೊಳ್ಳೋದು.”

ನಾನು ತಟ್ಟೆ ತೊಳೆಯುತ್ತಿದ್ದೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದೆ ಎಂದು ಆಮೇಲೆ ಗೊತ್ತಾಯಿತು.

“ಅಮ್ಮಾ, ವೇಡ್‌ಗೆ ಬೂಡಾನ್ ಎಷ್ಟು ತಗೊಳ್ಳೋಣ?” ಕೋರಾ ಕೇಳಿದಳು. ಅನ್ನ ತುಂಬಿದ ಆ ಸಾಸೇಜು ಅವನಿಗೆ ಪ್ರಾಣ. ಅಲ್ಲಿ ಪಶ್ಚಿಮದಲ್ಲಿ ಯಾರೂ ಮಾಡುವುದಿಲ್ಲ.

“ನಿಂಗೆಷ್ಟು ಬೇಕೋ ಅಷ್ಟು.”

“ನಂಗಲ್ಲ, ಅವ್ನಿಗೆ! ಆರು ಸಾಕಾ? ಹನ್ನೆರಡು ಹಾಕ್ತೀನಿ. ಅವ್ನ ಫ್ರೆಂಡ್ಸ್ ಕಿತ್ಕೊಂಡು ತಿಂತಾರೆ.” ಹನ್ನೆರಡು ಎಂದು ಬರೆದಳು. ಐಸ್ ಪೆಟ್ಟಿಗೆ ಎಂದು ಬರೆದಳು. “ಇನ್ನೊಂದು ಗೊತ್ತಾ ಅಮ್ಮ? ಎಲ್ ಪಾಸೊ ಹತ್ರ ಗಡಿಯಾರ ಒಂದ್ ಗಂಟೆ ಹಿಂದೆ ಹೋಗುತ್ತೆ. ಶನಿವಾರ ಆರಕ್ಕೆ ಹೊರಟ್ರೆ ಐದು ಗಂಟೆ ದಾರಿ. ಆದ್ರೂ ಹತ್ತಕ್ಕೇ ಅಲ್ಲಿರ್ತೀವಿ. ಒಂದ್ ಗಂಟೆ ಪುಕ್ಕಟೆ!”

“ವಾಪಸ್ ಬರುವಾಗ ಕಿತ್ಕೋತಾರೆ ಬಿಡು,” ಎಂದ ಅಪ್ಪ.

“ವಾಪಸ್ ಬರುವಾಗ ಕಿತ್ಕೊಂಡ್ರೆ ಕಿತ್ಕೊಳ್ಲಿ. ಆಗ ವೇಡ್ ಇರಲ್ವಲ್ಲ.”

ಇಷ್ಟು ಹೇಳಿ ಅವಳು ಸುಮ್ಮನೆ ಮುಂದಿನ ಸಾಲಿಗೆ ಹೋದಳು. ನನ್ನ ಕೈಯಲ್ಲಿ ಸೋಪಿನ ನೊರೆ ತಣ್ಣಗಾಗಿತ್ತು. ಆಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಬಂದದ್ದು, “ಟವೆಲ್ ಬರ್ಕೊಂಡ್ಯಾ?”

“ಬರ್ದಿದೀನಿ. ಈಗ ನಿನ್ ಜಡೆ. ಬಾ, ಕೂತ್ಕೋ.”

“ಯಾವ ಜಡೆ?”

“ಪಟ್ಟಿಯಲ್ಲಿದೆ. ಎ.ಸಿ. ಇಲ್ಲ ಅಂದ್ರೆ ಕಿಟಕಿ ತೆಗೀಬೇಕು. ಕಿಟಕಿ ತೆಗೆದ್ರೆ ನಿನ್ ಕೂದಲು ಕಣ್ಣಿಗೆ ಬರುತ್ತೆ. ನೆತ್ತಿಯಿಂದಲೇ ಬಿಗಿಯಾಗಿ ಹೆಣೆದ್ರೆ ಎರಡು ದಿನ ಅಲ್ಲಾಡಲ್ಲ. ಇವತ್ತು ಒಂದ್ ಸಲ ಹಾಕಿ ನೋಡ್ತೀನಿ. ಫೋಟೋದಲ್ಲೂ ಚೆನ್ನಾಗಿ ಕಾಣ್ಬೇಕಲ್ಲ.”

“ನಾಳೆ ಹಾಕು, ಕೋರಾ. ಸುಸ್ತಾಗಿದೆ.”

“ಕೂತ್ಕೊಳ್ಳೋಕೂ ಸುಸ್ತಾ?” ಎಂದು ನಗುತ್ತಾ ನನ್ನನ್ನು ಕುರ್ಚಿಗೆ ದೂಡಿ, ನಾನು ಕೈ ಎತ್ತುವಷ್ಟರಲ್ಲಿ ರಬ್ಬರ್‌ಬ್ಯಾಂಡ್ ಎಳೆದುಬಿಟ್ಟಳು.

ಬಾಚಣಿಗೆ ಮೇಲಿನಿಂದ ಕೆಳಗೆ ಒಮ್ಮೆ ಬಂತು. ಎರಡನೇ ಸಲ ಅರ್ಧಕ್ಕೆ ನಿಂತಿತು.

ನನಗೆ ಆಗ ನೆನಪಾಯಿತು. ಎರಡು ದಿನದಿಂದ ಜುಟ್ಟು ಕೆಳಗೆ ಕಟ್ಟಿಕೊಂಡು, ಕನ್ನಡಿಗೆ ಬೆನ್ನು ತಿರುಗಿಸಿ ನೋಡಿ, ಹುಷಾರಾಗಿದ್ದವಳು ನಾನು. ಒಂದು ಪಟ್ಟಿಯ ಮುಂದೆ ಎಲ್ಲ ಮರೆತುಹೋಯಿತು.

ರಿಪೇರಿ ಕೆಲಸಕ್ಕೆ ಸೇರುವ ಮುಂಚೆ ಮಾದಕ ವಸ್ತುವಿನ ಪರೀಕ್ಷೆ ಆಗಬೇಕು. ಅದಕ್ಕೆ ಹಿಂದಲೆಯಿಂದ ಪೆನ್ಸಿಲ್ ದಪ್ಪದ ಒಂದು ಕುಚ್ಚು ಕೂದಲನ್ನು ಬುಡಕ್ಕೇ ಕತ್ತರಿಸಿ ಲಕೋಟೆಗೆ ಹಾಕುತ್ತಾರೆ. ನಮ್ಮ ಬೀದಿಯಲ್ಲಿ ವಸಂತಕಾಲದಲ್ಲಿ ಯಾವ ಮನೆಯವರಿಗೆ ಕೆಲಸ ಸಿಕ್ಕಿದೆ ಎಂದು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ, ಮುಂದಿನವರ ಹಿಂದಲೆ ನೋಡಿದರೆ ಸಾಕು.

ಕೋರಾ ಬೆರಳಿನಿಂದ ಆ ಮೋಟುಗೂದಲನ್ನು ಮುಟ್ಟಿದಳು. ಮೆಲ್ಲಗೆ ಮುಟ್ಟಿದಳು, ಗಾಯವೇನೋ ಎಂಬಂತೆ.

“ಯಾವಾಗ ಕತ್ತರಿಸಿದ್ರು?”

ಅಪ್ಪ ನಕಾಶೆಯಿಂದ ತಲೆ ಎತ್ತಿದ. ಅವನಿಗೆ ಕಣ್ಣು ಮಂಜು, ಬುದ್ಧಿ ಮಂಜಲ್ಲ.

“ಡೆಲ್,” ಎಂದು ನನ್ನ ಹೆಸರು ಹೇಳಿದ. ಅಷ್ಟೇ.

“ಸೋಮವಾರ,” ಎಂದೆ. “ಕೋರಾ, ಕೇಳಿಲ್ಲಿ. ಅವರು ಇದ್ದಕ್ಕಿದ್ದ ಹಾಗೆ—”

“ಹೋದ ಸಲಾನೂ ನೋಡಿದ್ದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. “ವೇಡ್‌ದು ಕವಾಯತು ಇತ್ತಲ್ಲ, ಅದಕ್ಕಿಂತ ಐದು ದಿನ ಮುಂಚೆ. ನೀನು ಸೋಫಾ ಮೇಲೆ ನಿದ್ದೆ ಹೋಗಿದ್ದೆ. ಇಲ್ಲೇ ಇತ್ತು, ಇದೇ ಜಾಗದಲ್ಲಿ. ಆಮೇಲೆ ನೀನು ಹಿಂದಿನ ದಿನ ಬಂದು, ಈಗಷ್ಟೇ ಕರೆದ್ರು ಅಂದೆ.”

“ಯಾಕೆ ಹೇಳ್ಲಿಲ್ಲ ನಂಗೆ?”

“ವೇಡ್‌ಗೆ ಹೇಳ್ದೆ. ಅವ್ನು, ಅಮ್ಮಂಗೆ ಬೇಜಾರಾಗುತ್ತೆ, ಗೊತ್ತಿಲ್ಲದ ಹಾಗೆ ಇದ್ಬಿಡು ಅಂದ.”

ಇಪ್ಪತ್ತು ತುಂಬದ ಹುಡುಗ. ಆ ದಿನ ಫೋನಿನಲ್ಲಿ, “ಪರವಾಗಿಲ್ಲ ಅಮ್ಮ, ಕೆಲಸ ಅಂದ್ಮೇಲೆ ಇದ್ದದ್ದೇ, ನೀನೇನ್ ಮಾಡಕ್ಕಾಗುತ್ತೆ” ಅಂದಿದ್ದ. ಎಷ್ಟು ಸುಲಭವಾಗಿ ನಂಬಿದ ಎಂದು ನಾನು ಫೋನಿಟ್ಟು ನಿಟ್ಟುಸಿರು ಬಿಟ್ಟಿದ್ದೆ. ಅವನು ನಂಬಿರಲಿಲ್ಲ. ನನ್ನ ಸುಳ್ಳಿನ ಬಾಯಲ್ಲಿ ಕಾವಲು ಕೂತಿದ್ದ, ನಾನು ಕ್ಷೇಮವಾಗಿ ಹೊರಗೆ ಬರಲಿ ಎಂದು.

“ಶುಕ್ರವಾರದಿಂದಾ?” ಅಪ್ಪ ಕೇಳಿದ.

“ಆರಕ್ಕೆ.”

“ನಾನಿಲ್ಲಿ ಜಿಂಕೆ ಕಥೆ ಹೇಳ್ತಿದ್ದೆ. ನೀನು ಕೇಳ್ತಾ ನಿಂತಿದ್ದೆ.”

“ಅಪ್ಪಾ, ಬೇಡ ಅಂದ್ರೆ ಮತ್ತೆ ಕರೆಯಲ್ಲ. ನಿಂಗೊತ್ತು.”

“ಗೊತ್ತು. ನೀನು ಹುಟ್ಟಿದಾಗ ನಾನು ಲಾರೆಡೋದಲ್ಲಿ ಲಾರಿಗೆ ಈರುಳ್ಳಿ ತುಂಬಿಸ್ತಿದ್ದೆ. ನೀನು ಹಲ್ಲು ಬಂದ ಮೇಲೆ ನನ್ನ ನೋಡಿದ್ದು.” ಅಪ್ಪ ನಕಾಶೆಯ ಸುಕ್ಕನ್ನು ಅಂಗೈಯಿಂದ ತೀಡುತ್ತಿದ್ದ. “ಬೈಯೋಕೆ ನಂಗೆ ಮುಖ ಇಲ್ಲ, ಡೆಲ್. ಆದ್ರೆ ಆ ಈರುಳ್ಳಿ ಯಾರು ತಿಂದ್ರೋ, ಇವತ್ತಿಗೂ ಒಬ್ರೂ ಬಂದು ನೆನಸ್ಕೊಂಡಿಲ್ಲ.”

ಕೋರಾ ಬಾಚಣಿಗೆಯನ್ನು ಮೇಜಿನ ಮೇಲಿಟ್ಟು ನೋಟ್‌ಬುಕ್ ಮುಚ್ಚಿದಳು. “ನಾನು ಹೋಂವರ್ಕ್ ಮಾಡ್ಲಾ?”

“ಕೋರಾ, ಇರು.”

“ಎಸ್ ಮ್ಯಾಮ್.” ನಮ್ಮ ಕಡೆ ಮಕ್ಕಳು ದೊಡ್ಡವರಿಗೆ ಹೇಳುವ ಮರ್ಯಾದೆಯ ಹೂಂ ಅದು. ನಿಂತಳು, ನನ್ನ ಕಡೆ ನೋಡದೆ.

ಡ್ವೇನ್‌ಗೆ ಕರೆ ಮಾಡಲು ನಾನು ಫೋನ್ ತೆಗೆದುಕೊಂಡು ಹಿಂದಿನ ಬಾಗಿಲ ಕಡೆ ನಡೆದೆ.

“ಇಲ್ಲೇ ಮಾಡು,” ಎಂದಳು ಕೋರಾ. “ಸ್ಪೀಕರ್ ಹಾಕು.”

ಹನ್ನೆರಡು ವರ್ಷದ ಮಗಳು ತಾಯಿಗೆ ಹೇಳುವ ಮಾತಲ್ಲ. ಆದರೆ ಹೇಳಿಸಿಕೊಂಡವಳು ನಾನೇ. ಹಿಂದಿರುಗಿ ಬಂದು ಫೋನನ್ನು ಮೇಜಿನ ಮೇಲಿಟ್ಟೆ, ಸ್ಯಾನ್ ಆಂಟೋನಿಯೋ ಮೇಲೆ.

“ಏನಮ್ಮಾ ಡೆಲ್ಫೀನ್!” ಡ್ವೇನ್‌ನ ದನಿ ಅಡುಗೆಮನೆ ತುಂಬಿತು. “ಬೂಟು ಪಾಲಿಶ್ ಆಯ್ತಾ?”

“ಶುಕ್ರವಾರ ಬರಲ್ಲ ಡ್ವೇನ್.”

“ಯಾರ್ ಸತ್ರು?”

“ಯಾರೂ ಸತ್ತಿಲ್ಲ. ಮಗ ಹೊರಡ್ತಿದಾನೆ, ಬೇರೆ ದೇಶಕ್ಕೆ. ಎಲ್ ಪಾಸೊಗೆ ಹೋಗಿ ನೋಡ್ಬೇಕು.”

ಅವನ ಮನೆಯ ಟಿ.ವಿ. ಸದ್ದು ತಗ್ಗಿತು. “ಸೋಮವಾರ ಹೂಂ ಅಂದಾಗ ಇದು ಗೊತ್ತಿರ್ಲಿಲ್ವಾ ನಿಂಗೆ?”

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಭ್ಯಾಸಬಲ. ಕೋರಾ ನೆಲ ನೋಡುತ್ತಿದ್ದಳು.

“ಗೊತ್ತಿತ್ತು,” ಎಂದೆ.

“ಒಳ್ಳೇ ಪೀಕಲಾಟ ತಂದೆ ಕಣೇ. ಎರಡು ದಿನದಲ್ಲಿ ಬಾಯಿ ಕಾಯೋರನ್ನ ನಾನೆಲ್ಲಿಂದ ತರ್ಲಿ? ಹೆಸರು ಹೊಡೆದು ಹಾಕ್ತೀನಿ. ಮುಂದಿನ ಸಲದ ಮಾತು ನಾನು ಕೊಡಕ್ಕಾಗಲ್ಲ.”

“ಗೊತ್ತು.”

“ಹುಡುಗಂಗೆ ಹುಷಾರು ಅಂತ ಹೇಳು.” ಫೋನು ನಿಂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕಾದ್ದೂ ಅಲ್ಲ. ಸಿಕ್ಕಿಬಿದ್ದ ಮೇಲೆ ಮಾಡಿದ ಒಳ್ಳೆಯ ಕೆಲಸಕ್ಕೆ ಎಷ್ಟು ಬೆಲೆ ಎಂದು ನಮ್ಮ ಮೂವರಲ್ಲಿ ನನಗೇ ಚೆನ್ನಾಗಿ ಗೊತ್ತಿತ್ತು. ಆ ಮೋಟುಗೂದಲು ಕಾಣದೆ ಹೋಗಿದ್ದರೆ ಈ ಹೊತ್ತಿಗೆ ನಾನು ಮಲಗಿ, ನಾಳೆ ಮಾಡಬೇಕಾದ ಮುಖವನ್ನು ಅಭ್ಯಾಸ ಮಾಡುತ್ತಿದ್ದೆ.

ಕೋರಾ ಬಾಚಣಿಗೆ ತೆಗೆದುಕೊಂಡಳು. “ಕೂತ್ಕೋ. ಇನ್ನೂ ಜಡೆ ಆಗಿಲ್ಲ.”

ಕೂತೆ. ಅವಳು ನೆತ್ತಿಯಿಂದ ಹಿಡಿದು ಬಿಗಿಯಾಗಿ, ತುಸು ಬೇಕೆಂದೇ ಬಿಗಿಯಾಗಿ ಹೆಣೆದಳು. ಕಣ್ಣಲ್ಲಿ ನೀರು ಬಂತು. ಎಳೆತಕ್ಕೆ ಬಂತು ಎಂದು ಹೇಳಬಹುದಾದಷ್ಟೇ.

“ಈ ಮೋಟು ಎಷ್ಟು ಹೆಣೆದ್ರೂ ಒಳಗೆ ನಿಲ್ತಿಲ್ಲ,” ಎಂದಳು. “ವೇಡ್‌ಗೆ ಕಾಣುತ್ತೆ. ಪಿನ್ ಹಾಕಿ ಮುಚ್ಲಾ?”

“ಬೇಡ. ಕಾಣ್ಲಿ. ನಾನೇ ಅವ್ನಿಗೆ ಹೇಳ್ತೀನಿ. ಹೋದ ಸಲದ್ದೂ.”

ಅವಳು ಜಡೆಯ ತುದಿಗೆ ರಬ್ಬರ್‌ಬ್ಯಾಂಡ್ ಹಾಕಿದಳು. ಅಪ್ಪ ಕೆಮ್ಮಿ, “ಓಜೋನಾ ರೂಮಲ್ಲಿ ಕಿಟಕಿ ಪಕ್ಕದ ಮಂಚ ನಂದು, ಬರ್ಕೋ,” ಎಂದ.

ಗುರುವಾರ ಬೆಳಗ್ಗೆ ನೋಡಿದರೆ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲಿತ್ತು. ನಾಲ್ಕು ಗಂಟೆ, ಹ್ಯೂಸ್ಟನ್, ಬೂಡಾನ್ ಹನ್ನೆರಡು, ಟವೆಲ್, ತಾತನ ಮಂಚ. ಎಲ್ಲವೂ ನೀಲಿ ಶಾಯಿಯಲ್ಲಿ, ದುಂಡಗೆ. ಮೇಲುಗಡೆ ‘ಗಾಡಿ ಓಡಿಸುವವರು’ ಎಂಬುದರ ಮುಂದೆ ಮೊದಲು ಪೆನ್ನಿನಲ್ಲಿ ಬರೆದಿದ್ದ ‘ಅಮ್ಮ’ ಎಂಬುದನ್ನು ಪೂರ್ತಿ ಕಾಣದಂತೆ ಹೊಡೆದು ಹಾಕಿದ್ದಳು. ಅದರ ಪಕ್ಕದಲ್ಲಿ ತೆಳುವಾಗಿ ಪೆನ್ಸಿಲಿನಲ್ಲಿ ಮತ್ತೆ ‘ಅಮ್ಮ’ ಎಂದಿತ್ತು.

ಕೋರಾ ಶಾಲೆಗೆ ಹೊರಟು ಬೂಟು ಕಟ್ಟುತ್ತಿದ್ದಳು.

“ಇದನ್ನ ಪೆನ್ನಲ್ಲಿ ಬರೆಯಲ್ವಾ?” ಎಂದು ಕೇಳಿದೆ, ನಗುವಂತೆ ಮಾಡಿ.

ಅವಳು ತಲೆ ಎತ್ತದೆ ಗಂಟು ಹಾಕಿದಳು. “ಓಜೋನಾ ಮುಟ್ಟಿದ ಮೇಲೆ.”

“ಅಷ್ಟು ದೂರಾನಾ?”

“ಎಸ್ ಮ್ಯಾಮ್.”

ಸರಿ ಎಂದೆ. ಅವಳ ಬಸ್ಸು ಹೋದ ಮೇಲೆ ಗಾಡಿ ತೆಗೆದುಕೊಂಡು ಟ್ಯಾಂಕ್ ತುಂಬಿಸಿ, ಐಸು ತರಲು ಹೋದೆ.