ಹೂಂಗುಟ್ಟುವವರಿಲ್ಲದ ಮಾತು

ಫೋನಿನ ಗಾಜಿನೊಳಗೆ ಒಂದು ಮುಖ, ತನ್ನದೇ, ಆದರೆ ತನ್ನನ್ನು ನೋಡುತ್ತಿಲ್ಲ, ಕದ್ದು ಸಿಕ್ಕಿಬಿದ್ದವಳ ಹಾಗೆ ಎಲ್ಲೋ ಕೆಳಗೆ ನೋಡುತ್ತಿದೆ — ಮೇಲಿನ ಚುಕ್ಕೆ ನೋಡಮ್ಮ, ಅದೇ ಕಣ್ಣು, ಎಂದಿದ್ದಳು ಮಗಳು, ಹಿಟ್ಟಿನ ಡಬ್ಬಕ್ಕೆ ಫೋನು ಆನಿಸಿಡುತ್ತ, ಸಂದರ್ಶನ ಅಂದ್ರೂ ಎದುರಿಗೆ ಯಾರೂ ಇರಲ್ಲ, ಪರದೆ ಮೇಲೆ ಪ್ರಶ್ನೆ ಬರುತ್ತೆ, ಎರಡು ನಿಮಿಷ ಮಾತಾಡು, ಆಮೇಲೆ ಯಾವತ್ತೋ ಅವರು ನೋಡ್ತಾರೆ. ಅವರೆಂದರೆ ಯಾರು? ಮೊದಲು ಮೆಶೀನೇ ನೋಡುತ್ತಂತೆ. ಬಟ್ಟೆ ಅಂಗಡಿಯ ದೂರು ಕೌಂಟರಿನಲ್ಲಿ ಕೂದಲು ನರೆಯುವವರೆಗೆ ನಿಂತವಳು, ಅಂಗಡಿ ಬಾಗಿಲೆಳೆದ ಮೇಲೆ ಕೆಲಸ ಹುಡುಕಿ ಚಪ್ಪಲಿ ಸವೆಸಿದವಳು, ಹೋದಲ್ಲೆಲ್ಲ ಅರ್ಜಿ ಆನ್‌ಲೈನಲ್ಲಿ ಹಾಕಿ ಮೇಡಂ ಎನ್ನುವ ಕಾವಲಿನವರು, ಹಾಕಿ ಹಾಕಿ ಉತ್ತರ ಬಂದದ್ದು ಇದೊಂದೇ, ಹೊಸ ಆಸ್ಪತ್ರೆಯ ವಿಚಾರಣೆಯ ಕಿಟಕಿಯ ಕೆಲಸ, ಇದೂ ತಪ್ಪಿದರೆ ಈ ಬಾಡಿಗೆ ಮನೆ ಬಿಟ್ಟು ಅಣ್ಣನ ಮನೆಯ ಹಿಂದಿನ ಕೋಣೆ, ಬಾ ಬಾ ಎನ್ನುತ್ತಲೇ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅತ್ತಿಗೆ.

ಮೊದಲ ಸಲ ಒಂದು ಮಾತು ಹೇಳಿ ಕಾದಳು, ಚುಕ್ಕೆ ಹೂಂ ಎನ್ನಲಿಲ್ಲ, ಕಾಯುತ್ತಲೇ ಎರಡು ನಿಮಿಷ ಮುಗಿದುಹೋಯಿತು — ಅಜ್ಜ ಪದ್ಯ ಹಾಡಿ ಅರ್ಥ ಹೇಳುವಾಗ ಸಾಲು ಸಾಲಿಗೂ ಇವಳು ಹೂಂಗುಟ್ಟಬೇಕಿತ್ತು, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿಬಿಡುತ್ತಿದ್ದ, ನಿದ್ದೆ ಬಂತೇನೇ ಗೂಬೆ, ನೀನು ಹೂಂ ಅನ್ನದೆ ದೇವರು ಹೊಳೆ ದಾಟೋದು ಹೇಗೆ. ಎರಡನೆಯ ಸಲ ಮಗಳೇ ಡಬ್ಬದ ಹಿಂದೆ ಕೂತು ಹೂಂ ಹೂಂ ಅಂದಳು, ಅದೂ ದಾಖಲಾಗಿ, ಅಯ್ಯೋ ಅಮ್ಮಾ, ಮನೇಲಿ ಎಮ್ಮೆ ಕಟ್ಟಿದ್ದಾರೆ ಅಂದ್ಕೋತಾರೆ ಕಣೇ, ಇಬ್ಬರೂ ಬಿದ್ದು ಬಿದ್ದು ನಕ್ಕರು. ಇನ್ನೊಂದೇ ಸಲ ಇರೋದು, ನೀನು ಸಾಧಿಸಿದ್ದನ್ನ ಹೇಳು, ನಾನು ನಾನು ಅನ್ನು, ನಾಚ್ಕೋಬೇಡ, ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋಗಿದ್ದಾಳೆ.

ಸಿಟ್ಟಾದ ಗ್ರಾಹಕರೊಬ್ಬರನ್ನು ಹೇಗೆ ಸಮಾಧಾನಪಡಿಸಿದಿರಿ? ನಾನೇನು ಮಾಡಿದೆ, ಹೂಂ ಅಂದೆ ಅಷ್ಟೆ — ಇಲ್ಲ, ಹಾಗಲ್ಲ, ನಾನು ಆಲಿಸಿದೆ, ನಾನು ನಿಭಾಯಿಸಿದೆ, ಬರುತ್ತಿದೆ ಮಾತು, ಸರಾಗವಾಗಿ ಬರುತ್ತಿದೆ, ಗಾಜಿನ ಮುಖ ಅರಳುತ್ತಿದೆ, ಒಬ್ಬರು ಬಿಳಿ ಅಂಗಿ ತಂದು ಕೌಂಟರಿಗೆ ಬಡಿದರು, ಹೊಲಿಗೆ ನೆಟ್ಟಗಿಲ್ಲ, ಕಳ್ಳರು ನೀವು, ಹೂಂ, ನಿಮ್ಮ ಯಜಮಾನನನ್ನ ಕರೀರಿ, ಹೂಂ ಸರ್, ಹೊಲಿಗೆ ನೆಟ್ಟಗೇ ಇತ್ತು, ಆಮೇಲೆ ಅವರ ದನಿ ಇಳಿಯಿತು, ಆಮೇಲೆ — ನನ್ನ ಮಗ ಹಾಕ್ಕೊಳ್ಳಲೇ ಇಲ್ಲಮ್ಮ, ತಗೊಂಡ ವಾರವೇ ಹೋಗ್ಬಿಟ್ಟ. ಹೂಂ ಎಂದಿದ್ದಳು. ಅದನ್ನು ಮಗಳಿಗೂ ಹೇಳಿದವಳಲ್ಲ. ಈಗ ಈ ಚುಕ್ಕೆಗೆ, ಕೆಲಸಕ್ಕೆ, ನಾನು ನಾನು ಎಂದು — ಗಾಜಿನ ಮೂಲೆಯಲ್ಲಿ ಸೆಕೆಂಡಿನ ಅಂಕಿಗಳು ಇಳಿಯುತ್ತಿವೆ, ಹೇಳು, ಇನ್ನೂ ಹೊತ್ತಿದೆ, ಹೇಳೇ, ಅಣ್ಣನ ಮನೆಯ ಹಿಂದಿನ ಕೋಣೆಗೆ ಕಿಟಕಿಯೂ ಇಲ್ಲ — ಮಾತು ಅಲ್ಲಿಗೇ ಬಿಟ್ಟು ಕಣ್ಣು ಚುಕ್ಕೆಯಿಂದ ಕೆಳಗಿಳಿದಿದೆ, ಅಲ್ಲಿ ಕೌಂಟರಿನ ಮೇಲೆ ಅವರು ಅಂಗಿಯನ್ನು ಮಡಚುವ ಮೊದಲು ಗುಂಡಿ ಹಾಕುತ್ತಿದ್ದಾರೆ, ಕೆಳಗಿನಿಂದ ಒಂದೊಂದಾಗಿ, ಮೇಲಿನದಕ್ಕೆ ಬಂದಾಗ ಬೆರಳಿಗೆ ತೂತು ತಪ್ಪುತ್ತಿದೆ, ಮತ್ತೆ ತಪ್ಪುತ್ತಿದೆ, ಒಳಗೆ ಕೊರಳಿಲ್ಲದ ಆ ಕಾಲರು, ಆ ಬೆರಳು —